ಒಂದು ಮನೆ ಹೊರಗೆ

ಹಿತ್ತಾಳೆಯ ಎರಡು ದಾಳಗಳು ನಿಮ್ಮ ಅಂಗೈಯಲ್ಲಿ ಬೆಚ್ಚಗಿವೆ. ನಿಮಗಿಂತ ಮುಂಚೆ ಆಡಿದವರ ಬೆವರು ಅವಕ್ಕಿನ್ನೂ ಹತ್ತಿಕೊಂಡಿದೆ. ಬೆರಳುದ್ದದ ಕಡ್ಡಿಗಳು, ಉದ್ದಕ್ಕೆ ನಾಲ್ಕೇ ಮಗ್ಗುಲು: ಒಂದು, ಮೂರು, ನಾಲ್ಕು, ಆರು ಚುಕ್ಕೆ. ಎರಡೂ ಅಂಗೈ ಕೂಡಿಸಿ ತಿಕ್ಕುತ್ತೀರಿ. ಲೋಹಕ್ಕೆ ಲೋಹ ಉಜ್ಜಿ ಕಿಣಿಕಿಣಿ ಎನ್ನುತ್ತದೆ. ಗುಡಿಯ ಕಟ್ಟೆಯ ಮೇಲೆ ಹಾಸಿನ ಸುತ್ತ ಕುಕ್ಕರಗಾಲಲ್ಲಿ ಕೂತವರು, ಅವರ ಹೆಗಲ ಮೇಲಿಂದ ಬಗ್ಗಿದವರು, ಎಲ್ಲರ ಮಾತೂ ಒಮ್ಮೆಲೇ ನಿಲ್ಲುತ್ತದೆ. ನಿಮ್ಮ ಕಿವಿಯೊಳಗೆ ನಿಮ್ಮದೇ ಎದೆಬಡಿತ.

ಯುಗಾದಿ ಪಾಡ್ಯದ ಇಳಿಹೊತ್ತು. ಬೆಳಿಗ್ಗೆ ತಿಂದ ಬೇವುಬೆಲ್ಲದಲ್ಲಿ ಬೆಲ್ಲ ಯಾವಾಗಲೋ ಕರಗಿ, ಬೇವು ನಾಲಗೆಯ ಬುಡದಲ್ಲಿ ಕೂತಿದೆ. ತಲೆಯ ಮೇಲಿನ ಬೇವಿನ ಮರ ಒಂದೇ ಸಮ ಹೂ ಉದುರಿಸುತ್ತಿದೆ. ಆ ಹೂವಿನ ಕಂಪಿನ ಅಡಿಯಲ್ಲಿ ಇನ್ನೊಂದು ವಾಸನೆ, ಒಣಗುವ ಮೆಣಸಿನಕಾಯಿಯದು. ಒಮ್ಮೆ ಮೂಗಿಗೆ ಹತ್ತಿತೆಂದರೆ ರಾತ್ರಿ ಹಾಸಿಗೆಯವರೆಗೂ ಹಿಂದೆ ಬರುತ್ತದೆ. ಬ್ಯಾಡಗಿಯಿಂದ ಕಾಗಿನೆಲೆಯ ಕಡೆಗೆ ಹೋಗುವ ದಾರಿಯ ಹಳ್ಳಿ ಇದು. ಗುಡಿಯ ಹಿಂದಿನ ಕಣಗಳಲ್ಲಿ ಕಡೆಯ ಕೊಯ್ಲಿನ ಕಾಯಿ ಹರವಿದ್ದಾರೆ. ಸಂದಿಯಲ್ಲಿ ಇಣುಕಿದರೆ ನೆಲಕ್ಕೇ ಬೆಂಕಿ ಹತ್ತಿದಂತೆ ಕೆಂಪು.

ನೀವು ನಿನ್ನೆ ರಾತ್ರಿ ಹುಬ್ಬಳ್ಳಿಯಿಂದ ಬಂದವರು, ಹಬ್ಬಕ್ಕೆ ಸೋದರಮಾವನ ಮನೆಗೆ. ಪ್ರತಿ ಯುಗಾದಿಗೂ ಮಾವನ ಜೋಡಿಯಾಗಿ ಆಡುವವರಿಗೆ ಈ ಸಲ ಜ್ವರ. ಬೆಳಿಗ್ಗೆ ಮಾವ ನಿಮ್ಮನ್ನು ನೋಡಿದ ನೋಟದಲ್ಲೇ ತೀರ್ಮಾನ ಆಗಿತ್ತು. "ಅಳಿಯಾ, ಕೂಡು ನನ್ನ ಎದುರಿಗೆ." ಎರಡು ಪಂದ್ಯ ಹೇಗೋ ದಾಟಿದ್ದೀರಿ. ಇದು ಕಡೆಯದು. ಸೋತ ಜೋಡಿ ಕಟ್ಟೆಯ ಮೇಲಿದ್ದವರಿಗೆಲ್ಲ ಗಿರಮಿಟ್ಟು ಮಿರ್ಚಿ ಕೊಡಿಸಬೇಕು. ಇಲ್ಲಿ ಹಣದ ಮಾತಿಲ್ಲ. ಹಾಗಿದ್ದರೂ ನಿಮ್ಮ ಹೊಟ್ಟೆಯೊಳಗೆ ಏಕೆ ಹೀಗೆ ಹಗ್ಗ ತಿರುವಿದಂತಾಗುತ್ತಿದೆ?

ಹಾಸು ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು. ನಾಲ್ಕು ದಿಕ್ಕಿಗೆ ನಾಲ್ಕು ತೋಳು, ಒಂದೊಂದರಲ್ಲಿ ಮೂರು ಸಾಲು, ಸಾಲಿಗೆ 8 ಮನೆ, ಒಟ್ಟು 96. ಕಾಯಿ 16. ಕರಿ ಮತ್ತು ಹಳದಿ ಒಂದು ಕಡೆ, ಕೆಂಪು ಮತ್ತು ಹಸಿರು ಒಂದು ಕಡೆ. ಜೋಡಿಗಾರರು ಎದುರುಬದುರು ಕೂಡುತ್ತಾರೆ. ಎಂದಮೇಲೆ ನಿಮ್ಮ ಎಡಕ್ಕೂ ಬಲಕ್ಕೂ ಮೊಣಕಾಲು ತಾಗುವಷ್ಟು ಹತ್ತಿರ ಇರುವವರು ಎದುರಾಳಿಗಳೇ. ನಡುಮನೆಯಿಂದ ಹೊರಟ ಕಾಯಿ ಹಾಸನ್ನೆಲ್ಲ ಸುತ್ತಿ ಮರಳಿ ನಡುಮನೆ ಸೇರಿದರೆ ಹಣ್ಣಾಯಿತು ಎನ್ನುತ್ತಾರೆ. ಹೊಲದಲ್ಲೂ ಅದೇ ಮಾತು, ಹಾಸಿನಲ್ಲೂ ಅದೇ ಮಾತು. ಎರಡೂ ಕಡೆ, ಹಣ್ಣಾಗುವ ಹೊತ್ತಿಗೇ ಕೈತಪ್ಪುವ ಭಯ ಹೆಚ್ಚು.

ನಿಮ್ಮ ಬಲಕ್ಕೆ ಕೆಂಪು ಕಾಯಿಯ ಅಜ್ಜಾರು. ಎಂಬತ್ತರ ಆಸುಪಾಸು. ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ಮಬ್ಬು. ಅವರು ಎಸೆದ ದಾಳ ಅವರಿಗೇ ಕಾಣುವುದಿಲ್ಲ. ಅವರ ಜೋಡಿ, ಹಸಿರು ಕಾಯಿ ಆಡುವ, ಟ್ರ್ಯಾಕ್ಟರ್ ಹೊಡೆಯುವ ಹುಡುಗ, ಹಾಸಿನ ಆಚೆ ತುದಿಯಲ್ಲಿದ್ದಾನೆ. ಹಾಗಾಗಿ ಅಜ್ಜಾರ ದಾಳ ಓದುವವರು ಅವರ ಇನ್ನೊಂದು ಮಗ್ಗುಲಲ್ಲಿ ಕೂತ ನಿಮ್ಮ ಮಾವ, ಅಂದರೆ ಎದುರಾಳಿ. ಮಧ್ಯಾಹ್ನದಿಂದ ನೋಡುತ್ತಿದ್ದೀರಿ. ದಾಳ ಉರುಳುತ್ತದೆ, ಮಾವ ಬಗ್ಗುತ್ತಾರೆ, "ಆರು, ನಾಕು ಅಜ್ಜಾರ" ಎನ್ನುತ್ತಾರೆ. ಅಜ್ಜಾರು ತಲೆಯಾಡಿಸಿ ಕಾಯಿ ನಡೆಸುತ್ತಾರೆ. ಒಮ್ಮೆಯೂ "ಖರೇನ?" ಎಂದು ಕೇಳಿಲ್ಲ. ಆರು ಬಿದ್ದಾಗ ಮೂರು ಎಂದಿದ್ದರೆ? ಹಾಗೊಂದು ಯೋಚನೆ ಹೊಳೆದದ್ದಕ್ಕೇ ನಿಮ್ಮ ಕಿವಿ ಬಿಸಿಯಾಗುತ್ತದೆ.

ಅರ್ಧ ತಾಸಿನ ಹಿಂದೆ ಇನ್ನೊಂದು ನಡೆದಿದೆ. ನಿಮಗೆ ಆರು ಬಿದ್ದಿತ್ತು. ಹಳದಿ ಕಾಯಿಯನ್ನು ಮನೆ ಮನೆಗೆ ತಟ್ಟುತ್ತ ನಡೆಸಿ ಇಟ್ಟಿರಿ. ಅಜ್ಜಾರು ಕಣ್ಣು ಮುಚ್ಚಿಕೊಂಡೇ ನಿಮ್ಮ ಮಣಿಕಟ್ಟು ಹಿಡಿದರು. "ಅಳಿಯಾರ, ಐದ ಸಲ ತಟ್ಟೀರಿ. ಇನ್ನೊಂದು ಮನಿ ಐತಿ." ಅವರು ಕಿವಿಯಿಂದ ಎಣಿಸುತ್ತಿದ್ದರು. ಆ ಇನ್ನೊಂದು ಮನೆಯಿಂದಾಗಿ ನಿಮ್ಮ ಕಾಯಿ ಅವರ ಕೆಂಪಿನ ಹೊಡೆತ ತಪ್ಪಿಸಿಕೊಂಡಿತು. ಅದು ಅವರಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 96 ಮನೆಯೂ ಆ ತಲೆಯೊಳಗಿವೆ.

ಪಗಡೆಯ ದೂರದ ನೆಂಟ ಬ್ಯಾಕ್‌ಗ್ಯಾಮನ್. ಅದರ ಅನೇಕ ಪಂದ್ಯಾವಳಿಗಳಲ್ಲಿ ಎದುರಾಳಿ ತಪ್ಪು ನಡೆದಾಗ ಕಂಡೂ ಸುಮ್ಮನಿದ್ದು ಲಾಭ ಪಡೆಯಲು ನಿಯಮವೇ ಬಹುಕಾಲ ಎಡೆ ಕೊಟ್ಟಿತ್ತು. ಈಚೆಗೆ ಹಲವು ಕಡೆ ಅದನ್ನು ಬದಲಿಸಿ, ತಪ್ಪು ಯಾರದೇ ಇರಲಿ, ಇಬ್ಬರೂ ತಿದ್ದಬೇಕು ಎಂದಿದ್ದಾರೆ. ಈ ಕಟ್ಟೆಯ ಮೇಲೆ ಬರೆದಿಟ್ಟ ನಿಯಮ ಯಾವುದೂ ಇಲ್ಲ. ನಿಮ್ಮ ಮಣಿಕಟ್ಟಿನ ಮೇಲೆ ಅಜ್ಜಾರ ಬೆರಳಿನ ಒತ್ತು ಮಾತ್ರ ಈಗಲೂ ಇದ್ದಂತಿದೆ.

ಕೈ ಬಿಡುತ್ತೀರಿ. ದಾಳ ಹಾಸಿನ ಮೇಲೆ ಉರುಳಿ ಉರುಳಿ ಮಲಗುತ್ತವೆ. ಆರು. ಮೂರು.

ಒಂಬತ್ತು. ನಿಮಗೆ ಬೇಕಿದ್ದದ್ದು ಹತ್ತು.

ಮಾವನ ಕರಿ ನಾಲ್ಕೂ ಹಣ್ಣಾಗಿವೆ. ನಿಮ್ಮ ಹಳದಿಯಲ್ಲಿ ಎರಡು ಹಣ್ಣು, ಎರಡು ಇನ್ನೂ ಕಾಯಿ. ಒಂದು ಹಿಂದೆ ಭದ್ರವಾಗಿದೆ. ಮುಂದಿನದಕ್ಕೆ ಹತ್ತು ಬಿದ್ದಿದ್ದರೆ ಗೀಟು ಹೊಲಿದ ಗಟ್ಟಿ ಮನೆ ಸಿಗುತ್ತಿತ್ತು, ಅಲ್ಲಿ ಯಾರೂ ಹೊಡೆಯುವಂತಿಲ್ಲ. ಮಾವ ಹುಬ್ಬು ಎತ್ತಿ ಹಿಂದಿನ ಕಾಯಿಯ ಕಡೆ ಕಣ್ಣು ಹಾಯಿಸುತ್ತಾರೆ: ಬ್ಯಾಡ, ಅದನ್ನ ನಡಸು. ನಿಮಗೆ ಕಾಣುತ್ತದೆ. ಕಂಡರೂ ಕೈ ಮುಂದಿನದಕ್ಕೇ ಹೋಗುತ್ತದೆ. ಬೇಗ ಮುಗಿಸುವ ಆಸೆ. ತಟ್ಟುತ್ತೀರಿ, ಒಂಬತ್ತು ಸಲ, ಈ ಸಲ ಸರಿಯಾಗಿ. ಹಳದಿ ಕಾಯಿ ಗಟ್ಟಿ ಮನೆಗೆ ಒಂದೇ ಮನೆ ಹೊರಗೆ ನಿಲ್ಲುತ್ತದೆ. ಅದರ ಬೆನ್ನ ಹಿಂದೆ ಏಳನೆಯ ಮನೆಯಲ್ಲಿ ಅಜ್ಜಾರ ಕೆಂಪು.

ಏಳು. ಮೂರು ನಾಲ್ಕು, ನಾಲ್ಕು ಮೂರು, ಒಂದು ಆರು, ಆರು ಒಂದು. ಎರಡು ದಾಳ ಬೀಳುವ 16 ಬಗೆಯಲ್ಲಿ 4 ಬಗೆ. ಮಾವ ಏನೂ ಅನ್ನುವುದಿಲ್ಲ. ಅಜ್ಜಾರು ದಾಳಕ್ಕೆ ಕೈ ಚಾಚುತ್ತಾರೆ.

ಆಗ ಬೆಳಕು ಹೋಗುತ್ತದೆ.

ಯಾರೋ ದೀಪ ಆರಿಸಿದ ಹಾಗೆ. ನೀವು ತಲೆ ಎತ್ತುವಷ್ಟರಲ್ಲಿ ಕಾಗಿನೆಲೆಯ ದಿಕ್ಕಿನಿಂದ ಮೋಡ ಮರದ ತುದಿಗೆ ಬಂದು ಕೂತಿದೆ, ಹೊಟ್ಟೆ ಕಪ್ಪಗೆ ಜೋತುಬಿದ್ದಿದೆ. ಗಾಳಿ ಒಂದು ಉಸಿರು ಹಿಡಿದು, ಒಮ್ಮೆಲೇ ಬಿಡುತ್ತದೆ. ಮಣ್ಣಿನ ವಾಸನೆ. ಎಲ್ಲೋ ಆಗಲೇ ಬಿದ್ದ ಮಳೆಯ ವಾಸನೆ ಅದು. ಕಟ್ಟೆಯ ಮೇಲಿನ ಮುಖಗಳೆಲ್ಲ ಒಂದೇ ಕಡೆ ತಿರುಗುತ್ತವೆ, ಗುಡಿಯ ಹಿಂದಕ್ಕೆ, ಕಣದ ಕಡೆಗೆ.

"ಅಜ್ಜಾರದು ಹರವೇತಿ!" ಟ್ರ್ಯಾಕ್ಟರ್ ಹುಡುಗ ಎದ್ದೇಬಿಟ್ಟಿದ್ದಾನೆ.

ಬ್ಯಾಡಗಿ ಪೇಟೆ ಸೋಮವಾರ, ಗುರುವಾರ. ಈ ಗುರುವಾರಕ್ಕೆ ಹೋಗಬೇಕಾದ ಕಾಯಿ ಅದು, ಮೊನ್ನೆಯಿಂದ ಬಿಸಿಲಿಗಿದೆ. ಈ ಕಾಯಿಯ ಬೆಲೆ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. ಅದರಲ್ಲಿ ಎರಡು ಬಗೆ: ಸುಕ್ಕುಸುಕ್ಕು ಸಿಪ್ಪೆಯ ಕಡುಗೆಂಪು ಡಬ್ಬಿ, ಸಣ್ಣಗೆ ಉದ್ದಕ್ಕಿರುವ ಕಡ್ಡಿ. ಆ ಕೆಂಪನ್ನು ಹಿಂಡಿ ತೆಗೆದು ಊಟಕ್ಕೂ ತುಟಿಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಜಿಐ ಗುರುತು ಸಿಕ್ಕದ್ದೂ ಅದಕ್ಕೇ. ಒಂದು ಅಡ್ಡಮಳೆ ತೋಯಿಸಿತೋ, ಕಾಯಿ ಬಿಳಿಚಿ, ಬೂಸಲು ಹಿಡಿದು, ವರ್ಷದ ದುಡಿಮೆ ಪೇಟೆಯಲ್ಲಿ ತಲೆ ತಗ್ಗಿಸಿ ಕೂಡುತ್ತದೆ.

ಕಟ್ಟೆ ಬರಿದಾಗುತ್ತದೆ. ನೀವೂ ಓಡುತ್ತಿದ್ದೀರಿ. ಯಾವಾಗ ಎದ್ದಿರೋ ಗೊತ್ತಿಲ್ಲ. ಚಪ್ಪಲಿ ಇಲ್ಲ. ತಿರುಗಿ ನೋಡಿದಾಗ ಕಾಣುವುದು ಇಷ್ಟೇ: ಓಡಲಾರದ ಅಜ್ಜಾರು ಹಾಸಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಾರೆ. ಅವರ ಮೊಮ್ಮಗಳು, ಎಂಟೊಂಬತ್ತು ವರ್ಷದವಳು, ಹಬ್ಬದ ಲಂಗದಲ್ಲೇ ಹಾಸಿನ ಮೇಲೆ ಬೋರಲು ಬಿದ್ದಿದ್ದಾಳೆ.

ಕಣ. ದಪ್ಪ ಹನಿಗಳು ಮಣ್ಣಿಗೆ ಬಿದ್ದು ಸಣ್ಣ ಸಣ್ಣ ಕುಳಿ ಮಾಡುತ್ತಿವೆ. ಮರದ ಹಲಗೆ ಹಿಡಿದು ನಾಲ್ವರು ನಾಲ್ಕು ಕಡೆಯಿಂದ ರಾಶಿಗೆ ತಳ್ಳುತ್ತಾರೆ. ಹಲಗೆ ಸಿಗದವರು ಕೈಯಿಂದ, ಸೆರಗಿನಿಂದ, ಗೋಣಿಚೀಲದಿಂದ. ಒಣಕಾಯಿ ಗಲಗಲ ಎನ್ನುತ್ತದೆ. ಘಾಟು ಮೇಲೇಳುತ್ತದೆ. ಒಂದು ಸೀನು, ಹತ್ತು ಸೀನು. ಕಣ್ಣು ತೆರೆಯಲಾಗದು. ಮಂಡಿಯೂರಿ ಬಾಚುತ್ತೀರಿ, ಬಾಚುತ್ತೀರಿ, ಉಗುರಿನ ಸಂದಿಗೆ ಒಡೆದ ಕಾಯಿಯ ಬೀಜ ಹೊಗುತ್ತದೆ, ಉಸಿರು ಎಳೆದರೆ ಗಂಟಲಿಗೆ ಉರಿ. "ತಾಡಪತ್ರಿ! ತಾಡಪತ್ರಿ ಎಳೀರಿ!" ಒಂದು ತುದಿ ಮಾವನ ಕೈಗೆ, ಒಂದು ಹಸಿರು ಕಾಯಿಯ ಹುಡುಗನ ಕೈಗೆ. ಗಾಳಿ ಅದನ್ನು ಹಾಯಿಯಂತೆ ಉಬ್ಬಿಸಿ ಇಬ್ಬರನ್ನೂ ಎಳೆದುಕೊಂಡು ಹೋಗುತ್ತದೆ. ಕಲ್ಲು! ನೀವು ಕಲ್ಲು ಹುಡುಕುತ್ತೀರಿ, ಎತ್ತುತ್ತೀರಿ, ತುದಿಗೆ ಹೇರುತ್ತೀರಿ, ಇನ್ನೊಂದು, ಇನ್ನೊಂದು. ಕಡೆಯ ಮೂಲೆ ನೆಲಕ್ಕೆ ಕೂತದ್ದೂ ಆಕಾಶ ಹರಿದದ್ದೂ ಒಟ್ಟಿಗೇ.

ಮಳೆ ಕಾಲು ತಾಸೂ ಇರುವುದಿಲ್ಲ. ಗೋಡೆಯ ಪಕ್ಕ ಒತ್ತಿಕೊಂಡು ನಿಂತು ಅದು ತಾಡಪತ್ರಿಯ ಮೇಲೆ ಬಡಿಯುವುದನ್ನು ಕೇಳುತ್ತೀರಿ. ಮಾವ ರಾಶಿಯ ಅಡಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಲ್ಲಾಡಿಸುತ್ತಾರೆ. ಗಲಗಲ. ಒಣಗಿಯೇ ಇದೆ. ಯಾರೋ ನಗುತ್ತಾರೆ. ನೀವು ಮೈಮರೆತು ಕಣ್ಣುಜ್ಜಿಕೊಳ್ಳುತ್ತೀರಿ.

ಅದೊಂದು ತಪ್ಪು. ಡಬ್ಬಿಯ ಖಾರ ಕಡಿಮೆಯೆಂದು ಪುಸ್ತಕ ಹೇಳುತ್ತದೆ, ಕಣ್ಣು ಪುಸ್ತಕ ಓದುವುದಿಲ್ಲ. ಕಟ್ಟೆಗೆ ಮರಳುವ ನೂರು ಹೆಜ್ಜೆಯನ್ನು ಮಾವನ ಹೆಗಲು ಹಿಡಿದು, ನೀರು ಸುರಿಯುವ ಕಣ್ಣಲ್ಲಿ ದಾಟುತ್ತೀರಿ.

ಕಟ್ಟೆಯ ಮೇಲೆ ಅಜ್ಜಾರು ತೊಯ್ದು ತೊಪ್ಪೆಯಾಗಿದ್ದಾರೆ. ಹುಡುಗಿಯೂ. ಹಾಸು ಎಲ್ಲಿಗೂ ಹೋಗಿಲ್ಲ. ಆದರೆ ಗಾಳಿ ಅವಳ ಹೊಟ್ಟೆಯ ಅಡಿಯಿಂದಲೇ ನುಗ್ಗಿ ಕಾಯಿಗಳನ್ನು ಚೆಲ್ಲಿಬಿಟ್ಟಿದೆ. ಆಟದಲ್ಲಿ ಇನ್ನೂ ಉಳಿದಿದ್ದದ್ದು ಐದು: ನಿಮ್ಮ ಹಳದಿ ಎರಡು, ಕೆಂಪು ಎರಡು, ಹಸಿರು ಒಂದು. ಐದನ್ನೂ ಅವಳು ಹೆಕ್ಕಿ ಮುಷ್ಟಿಯಲ್ಲಿ ಹಿಡಿದು ಕೂತಿದ್ದಾಳೆ. ಮುಖ ಅಳುವ ಮುಂಚಿನ ಮುಖ.

"ಎಲ್ಲೆಲ್ಲಿದ್ದುವು ಯವ್ವಾ? ನೀನ ಇಡು," ಎನ್ನುತ್ತಾರೆ ಮಾವ.

ಇದನ್ನು ಗಮನಿಸಿ. ಎದುರಾಳಿಯ ಮೊಮ್ಮಗಳು. ಕಾಲು ತಾಸು ಹಾಸಿನ ಹತ್ತಿರ ಇದ್ದವರು ಅವಳು ಮತ್ತು ಅವಳ ಅಜ್ಜ, ಇಬ್ಬರೇ. ನೆರೆಯ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಹೇಳಿದನೆಂಬ ಸೀಮೆ ಇದು. ಪಗಡೆಯ ಒಂದು ಹಾಸಿನ ಮೇಲೆ ಏನೇನು ಹೋಯಿತೆಂದು ಈ ಕಟ್ಟೆಯಲ್ಲಿ ಎಲ್ಲರೂ ಬಲ್ಲರು. ಆದರೂ ಒಬ್ಬರೂ ಹುಬ್ಬು ಗಂಟಿಕ್ಕುವುದಿಲ್ಲ.

ಅವಳು ಇಡುತ್ತಾಳೆ. ಹಸಿರು ಇಲ್ಲಿ. ಕೆಂಪು ಇಲ್ಲಿ, ಅಜ್ಜನಿಗೆ ಕಷ್ಟವಾದ ಮನೆಯಲ್ಲೇ, ತಡವರಿಸದೆ. ಇನ್ನೊಂದು ಕೆಂಪು ಸರಿಯಾಗಿ ಅದರ ಜಾಗದಲ್ಲಿ. ನಿಮ್ಮ ಹಿಂದಿನ ಹಳದಿ. ಆಮೇಲೆ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಕಡೆಯ ಹಳದಿ ಅವಳ ಬೆರಳ ತುದಿಯಲ್ಲಿ ಸಣ್ಣಗೆ ನಡುಗುತ್ತಿದೆ.

"ಇದೊಂದು ನೆನಪಿಲ್ಲ."

ಅಜ್ಜಾರು ದನಿ ಬಂದತ್ತ ಮುಖ ತಿರುಗಿಸುತ್ತಾರೆ. ಅವರು ಅದನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ನೀವು ತಟ್ಟಿದ್ದನ್ನು ಕೇಳಿದ್ದರು, ಬೆನ್ನಿಗೇ ಗಾಳಿ ಬಂದಿತ್ತು. "ಗಟ್ಟಿ ಮನಿಯಾಗ ಇಡವ್ವಾ," ಎನ್ನುತ್ತಾರೆ. "ನಮ್ಮ ಕಾಯಿ ಉಳಿಸ್ಯಾರ. ಅವರ ಕಾಯಿ ಬಯಲಿನಾಗ ಇರೂದು ಬ್ಯಾಡ."

ಸುತ್ತ ಒಂದು ಸಮ್ಮತಿಯ ಗುಜುಗುಜು. ಹುಡುಗಿಯ ಕೈ ಗೀಟಿನ ಮನೆಯತ್ತ ಇಳಿಯುತ್ತದೆ.

ನಿಮ್ಮ ಬಾಯಿ ಒಣಗಿದೆ. ಸುಮ್ಮನಿದ್ದರೆ ಸಾಕು. ಸುಳ್ಳು ಹೇಳಬೇಕಾದದ್ದೂ ಇಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ. ಅವರಾಗಿಯೇ ಮನಸಾರೆ ಕೊಡುತ್ತಿದ್ದಾರೆ. ಬೇಡವೆಂದರೆ ಮುದುಕರ ಮಾತು ಮುರಿದಂತೆ ಅಲ್ಲವೆ? ಒಳಗೆ ಎಷ್ಟು ಬೇಗ, ಎಷ್ಟು ಚೆಂದದ ಕಾರಣಗಳು ಹುಟ್ಟುತ್ತವೆ! ಎದುರಿಗೆ ಮಾವ. ಅವರಿಗೆ ಗೊತ್ತು. ಬ್ಯಾಡ ಎಂದು ಹುಬ್ಬು ಎತ್ತಿದವರು ಅವರೇ. ಈಗ ಅವರ ಹುಬ್ಬು ಏಳುವುದಿಲ್ಲ, ಇಳಿಯುವುದಿಲ್ಲ. ಒದ್ದೆ ಟವೆಲ್ಲು ಹಿಂಡುತ್ತ ನಿಮ್ಮನ್ನು ನೋಡುತ್ತಿದ್ದಾರೆ. ಕಾಯಿ ನಡೆಸಿದ್ದು ನಿಮ್ಮ ಕೈ. ಅದು ಎಲ್ಲಿತ್ತೆಂದು ಹೇಳಬೇಕಾದದ್ದೂ ನೀವೇ. ಮಣಿಕಟ್ಟಿನ ಮೇಲೆ ಬೆರಳಿನ ಒತ್ತು. ಐದ ಸಲ ತಟ್ಟೀರಿ.

"ಇಲ್ರಿ ಅಜ್ಜಾರ." ನಿಮ್ಮ ದನಿ ನಿಮಗೇ ಬೇರೆಯವರದೆನಿಸುತ್ತದೆ. "ಒಂದ ಮನಿ ಹೊರಗಿತ್ತು. ನನಗ ಒಂಬತ್ತ ಬಿದ್ದಿತ್ತು."

ಹುಡುಗಿಯ ಕೈ ನಿಲ್ಲುತ್ತದೆ. ನೀವು ಆ ಕಾಯಿಯನ್ನು ಅವಳ ಬೆರಳಿನಿಂದ ತೆಗೆದು ಬಯಲು ಮನೆಯಲ್ಲಿ ಇಡುತ್ತೀರಿ. ಒದ್ದೆ ಬಟ್ಟೆಯ ಮೇಲೆ ನಿಮ್ಮ ಬೆರಳಿನ ಕೆಂಪು ಗುರುತು ಮೂಡುತ್ತದೆ. ಅಜ್ಜಾರು ಸ್ವಲ್ಪ ಹೊತ್ತು ಏನೂ ಅನ್ನುವುದಿಲ್ಲ. "ಹಂಗಾರ ಆಗಲಿ," ಎಂದು ದಾಳ ಎತ್ತಿಕೊಳ್ಳುತ್ತಾರೆ.

ತಿಕ್ಕುತ್ತಾರೆ. ಎಸೆಯುತ್ತಾರೆ.

ಒಂದು ದಾಳ ಮಲಗುತ್ತದೆ: ನಾಲ್ಕು. ಇನ್ನೊಂದು ಉರುಳುತ್ತ ಉರುಳುತ್ತ, ಮಳೆಗೆ ಮುದುಡಿದ ಹಾಸಿನ ಮಡಿಕೆಗೆ ಒರಗಿ ನಿಲ್ಲುತ್ತದೆ. ಮೇಲೆ ಕಾಣುವುದು ಮೂರು. ಆದರೆ ಓರೆ. ಒಂದು ಅಂಚು ಬಟ್ಟೆಯಿಂದ ಎದ್ದಿದೆ. ಬೆರಳು ತಾಗಿದರೆ ಎತ್ತ ಬೇಕಾದರೂ ಬಿದ್ದೀತು.

ಮಾವ ಬಗ್ಗುತ್ತಾರೆ, ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಅವರ ಕಷ್ಟ ನಿಮಗೆ ತಿಳಿಯುತ್ತದೆ. ಓರೆ ನಿಂತದ್ದು ಲೆಕ್ಕಕ್ಕಿಲ್ಲ, ಅದು ಎಲ್ಲ ಕಡೆಯ ರೀತಿ. ಆದರೆ ಅದನ್ನು ಈಗ ಹೇಳಿದರೆ ಲಾಭ ನಿಮಗೇ. ಮಧ್ಯಾಹ್ನದಿಂದ ಎದುರಾಳಿಯ ದಾಳವನ್ನು ಪ್ರಾಮಾಣಿಕವಾಗಿ ಓದಿದ ಬಾಯಿ, ಇದೊಂದು ಸಲ ತನ್ನ ಕಡೆಗೆ ಅನುಕೂಲವಾದ ನಿಜವನ್ನು ಹೇಳಲು ನಾಚುತ್ತಿದೆ. ಹೇಳಬೇಕಾದ ಟ್ರ್ಯಾಕ್ಟರ್ ಹುಡುಗ ದೂರದಲ್ಲಿದ್ದಾನೆ, ಅವನಿಗೆ ಮಡಿಕೆ ಕಾಣದು.

"ನಾಕು," ಎನ್ನುತ್ತಾರೆ ಮಾವ. "ಮತ್ತ... ಮೂರು ಅಜ್ಜಾರ."

ಆ ತಡೆದ ಉಸಿರು ಅಜ್ಜಾರ ಕಿವಿಗೆ ಬಿದ್ದಿದೆ. ಕೈ ಚಾಚುತ್ತಾರೆ. ತೋರುಬೆರಳು ಹಾಸಿನ ಮೇಲೆ ಇರುವೆಯಂತೆ ಹರಿದು ಮೊದಲ ದಾಳವನ್ನು ದಾಟಿ, ಎರಡನೆಯದನ್ನು ಕದಲದಂತೆ ಮುಟ್ಟಿ, ಎದ್ದ ಅಂಚಿನ ಅಡಿಯ ಸಂದನ್ನು ಹುಡುಕುತ್ತದೆ. "ಇದು ಮಲಗಿಲ್ಲಲೋ," ಎನ್ನುತ್ತಾರೆ ಮಾವನಿಗೆ, ಮಗನನ್ನು ಗದರಿದ ಹಾಗೆ. "ನನಗ ಕಣ್ಣಿಲ್ಲಂತ ನೀನೂ ಸುಮ್ಮನ ಕುಂತಿಯೇನು?" ಎರಡೂ ದಾಳ ಬಾಚಿ ತೆಗೆಯುತ್ತಾರೆ. ಗೆದ್ದ ಎಸೆತವನ್ನು ತಾವೇ ಅಳಿಸುತ್ತಾರೆ.

ಹಾಸಿನ ಮಡಿಕೆಯನ್ನು ನೀವು ಮತ್ತು ಹಸಿರು ಕಾಯಿಯ ಹುಡುಗ ಎರಡೂ ತುದಿ ಹಿಡಿದು ಎಳೆದು ಬಿಗಿಮಾಡುತ್ತೀರಿ. ಮತ್ತೆ ಕಿಣಿಕಿಣಿ. ಬೇವಿನ ಎಲೆಯಿಂದ ಹನಿಯೊಂದು ನಿಮ್ಮ ಕತ್ತಿಗೆ ಬಿದ್ದು ಬೆನ್ನಗುಂಟ ಇಳಿಯುತ್ತದೆ. ದಾಳ ಉರುಳುತ್ತವೆ. ಎರಡೂ ಮಲಗುತ್ತವೆ, ಅಚ್ಚುಕಟ್ಟಾಗಿ.

"ಆರು," ಎನ್ನುತ್ತಾರೆ ಮಾವ. ಈ ಸಲ ತಡೆಯುವುದಿಲ್ಲ. "ಒಂದು."

ಏಳು ತಟ್ಟು. ಏಳೂ ನಿಮ್ಮ ಎದೆಗೂಡಿಗೇ ಬೀಳುತ್ತವೆ. ಕೆಂಪು ಕಾಯಿ ಹಳದಿಯ ಮನೆಗೆ ಬಂದು ನಿಲ್ಲುತ್ತದೆ. ಕಟ್ಟೆಯ ಮೇಲೆ ಕೇಕೆ ಏಳುತ್ತದೆ, ಸಿಳ್ಳು ಏಳುತ್ತದೆ. ಇಷ್ಟು ಹತ್ತಿರ ಬಂದ ಕಾಯಿ ಮತ್ತೆ ನಡುಮನೆಯಿಂದ ಹೊರಡಬೇಕು. ಹುಡುಗಿ ಅದನ್ನು ಎತ್ತಿ ನಿಮ್ಮ ಕೈಗೆ ಕೊಡಲು ಬಂದವಳು, ನಿಮ್ಮ ಅಂಗೈ ನೋಡಿ ನಿಲ್ಲುತ್ತಾಳೆ. ಕಲ್ಲು ಎತ್ತಿದಾಗ ತರಚಿದ ಗಾಯದೊಳಕ್ಕೆ ಖಾರ ಇಳಿದು ಗೆಣ್ಣುಗಳೆಲ್ಲ ಊದಿವೆ. ಉರಿ ಈಗ ನಿಮಗೂ ಗೊತ್ತಾಗುತ್ತದೆ.

ಅವಳು ಅಜ್ಜನ ಕಿವಿಯಲ್ಲಿ ಏನೋ ಹೇಳುತ್ತಾಳೆ. "ನೀರ ಹಾಕಬ್ಯಾಡ್ರಿ, ಉರಿ ಹೋಗಂಗಿಲ್ಲ," ಎನ್ನುತ್ತಾರೆ ಅಜ್ಜಾರು. "ಕೊಬ್ಬರಿ ಎಣ್ಣಿ ತಾ ಯವ್ವಾ." ಅವಳು ಓಡಿಹೋಗಿ ಬಟ್ಟಲು ಹಿಡಿದು ಬರುವವರೆಗೆ ಪಂದ್ಯ ನಿಂತಿದೆ. ಒಬ್ಬರೂ ಬೇಗ ಎನ್ನುವುದಿಲ್ಲ. ಅಜ್ಜಾರು ತಮ್ಮ ಒರಟು ಹೆಬ್ಬೆರಳಿನಿಂದ ನಿಮ್ಮ ಗೆಣ್ಣುಗಳಿಗೆ ಎಣ್ಣೆ ತಿಕ್ಕುತ್ತಾರೆ, ಒಂದೊಂದಕ್ಕೂ, ಎತ್ತಿನ ಕೊಂಬಿಗೆ ಹಚ್ಚುವಷ್ಟು ನಿಧಾನವಾಗಿ. ಉರಿ ಒಂದೊಂದೇ ಬೆರಳಿನಿಂದ ಇಳಿಯುತ್ತದೆ.

ಅಂಗಿಗೆ ಅಂಗೈ ಒರೆಸಿಕೊಳ್ಳುತ್ತೀರಿ. ದಾಳ ಎಸೆಯುತ್ತೀರಿ.

"ನಾಕು, ಒಂದು," ಎನ್ನುತ್ತಾರೆ ಮಾವ.

ಅಜ್ಜಾರು ಕಣ್ಣು ಮುಚ್ಚಿ ಹಾಸಿನ ಕಡೆ ಕಿವಿ ತಿರುಗಿಸುತ್ತಾರೆ. ನೀವು ನಡುಮನೆಯಿಂದ ಹಳದಿ ಕಾಯಿಯನ್ನು ಎತ್ತಿ, ಅವರಿಗೆ ಕೇಳುವ ಹಾಗೆ, ಮೊದಲ ಮನೆಯನ್ನು ತಟ್ಟುತ್ತೀರಿ.